ಫಿಲಂ ಛಾಯಾಗ್ರಹಣದ ಪರಿಭಾಷೆ: ‘ವೇಗ’ ಶಬ್ದದ ಮೂರು ಅರ್ಥಗಳು

ಶಾಸನ, ಶಿಲ್ಪ, ಓಲೆಗರಿಯ ಪ್ರತಿ ಮೊದಲಾದವುಗಳ ಅಧ್ಯಯನದಲ್ಲಿ ಮೂಲವಸ್ತುವಿನಂತೆಯೇ ಅದರ ಛಾಯಾಚಿತ್ರವೂ ಆಧಾರವಾಗುವುದುಂಟು. ಕಲ್ಲು ಸವೆಯಬಹುದು, ಗರಿಯನ್ನು ಹುಳು ತಿನ್ನಬಹುದು. ಆಗ ಹಿಂದೆಂದೋ ತೆಗೆದಿಟ್ಟ ನೆಗೆಟಿವ್ ಒಂದೇ ಸಾಕ್ಷಿಯಾಗಿ ಉಳಿಯುತ್ತದೆ. ಅಂಥ ನೆಗೆಟಿವಿನಲ್ಲಿ ಒಂದು ಅಕ್ಷರ ಕಾಣದಿದ್ದರೆ, ಅದು ಕಲ್ಲಿನಲ್ಲಿಯೇ ಅಳಿದಿತ್ತೋ ಅಥವಾ ಚಿತ್ರ ತೆಗೆಯುವಾಗ ಲುಪ್ತವಾಯಿತೋ ಎಂಬ ಪ್ರಶ್ನೆ ಏಳುತ್ತದೆ. ಪಾಠನಿರ್ಣಯ ಮಾಡುವವರಿಗೆ ಇದು ಅಲ್ಪವಾದ ಪ್ರಶ್ನೆಯಲ್ಲ. ಇದರ ಉತ್ತರಕ್ಕೆ ನೆಗೆಟಿವಿನ ಲಕೋಟೆಯ ಮೇಲೆ ಬರೆದ ‘ಎಫ್ 11, 1/50, ಎ.ಎಸ್.ಎ. 50’ ಎಂಬಂಥ ಟಿಪ್ಪಣಿ ನೆರವಾಗಬಲ್ಲುದು. ಆದರೆ ಅದರ ಪರಿಭಾಷೆ ತಿಳಿದಿರಬೇಕು. ಈ ಪರಿಭಾಷೆಯಲ್ಲಿ ‘ವೇಗ’ವೆಂಬ ಒಂದೇ ಮಾತು ಮಸೂರಕ್ಕೂ ಷಟರಿಗೂ ಫಿಲಮಿಗೂ ಅನ್ವಯವಾಗಿ ಮೂರು ಬೇರೆಬೇರೆ ಅರ್ಥಗಳನ್ನು ಕೊಡುತ್ತದೆ. ಆ ಅರ್ಥಗಳನ್ನು ಬಿಡಿಸಿ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಸುಪ್ತಬಿಂಬ ಮತ್ತು ಎಕ್ಸ್‌ಪೋಷರ್

ಕಪ್ಪು-ಬಿಳುಪು ಫಿಲಂ ಎಂದರೆ ಪಾರದರ್ಶಕವಾದ ಹಾಳೆಯ ಮೇಲೆ ಜೆಲಟಿನ್ ಲೇಪ. ಆ ಲೇಪದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಕಣಗಳಿರುತ್ತವೆ. ಬೆಳಕು ತಗುಲಿದ ಕಣಗಳಲ್ಲಿ ಕಣ್ಣಿಗೆ ಕಾಣದ ಒಂದು ಮಾರ್ಪಾಡು ಆಗುತ್ತದೆ. ಇದನ್ನು ಸುಪ್ತಬಿಂಬವೆನ್ನಬಹುದು. ಡೆವಲಪರ್ ಎಂಬ ದ್ರಾವಣವು ಆ ಕಣಗಳನ್ನು ಕಪ್ಪಾದ ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ತಗುಲದೆ ಉಳಿದ ಲವಣವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಆದಕಾರಣ ದೃಶ್ಯದ ಬೆಳಕಿನ ಭಾಗ ಕಪ್ಪಾಗಿಯೂ ನೆರಳಿನ ಭಾಗ ತಿಳಿಯಾಗಿಯೂ ಮೂಡುತ್ತವೆ. ಇದೇ ನೆಗೆಟಿವ್. ಈ ಹೆಸರನ್ನು 1840ರಲ್ಲಿ ಬಳಕೆಗೆ ತಂದವನು ಆಂಗ್ಲ ವಿಜ್ಞಾನಿ ಜಾನ್ ಹರ್ಷೆಲ್.

ಫಿಲಮಿನ ಮೇಲೆ ಬಿದ್ದ ಬೆಳಕಿನ ಒಟ್ಟು ಮೊತ್ತಕ್ಕೆ ಎಕ್ಸ್‌ಪೋಷರ್ ಎಂದು ಹೆಸರು. ಬೆಳಕಿನ ತೀವ್ರತೆಯನ್ನು ಅದು ಬಿದ್ದ ಕಾಲದಿಂದ ಗುಣಿಸಿದರೆ ಈ ಮೊತ್ತ ದೊರೆಯುತ್ತದೆ. ಮೊತ್ತವು ಒಂದು ಕನಿಷ್ಠ ಮಿತಿಗಿಂತ ಕಡಮೆಯಾದ ಕಡೆ ಫಿಲಂ ಏನನ್ನೂ ದಾಖಲಿಸದು. ಅಂಥ ಭಾಗವನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇರಿಸಿದರೂ, ಇಂದು ಸ್ಕ್ಯಾನ್ ಮಾಡಿ ಗಣಕದಲ್ಲಿ ತಿದ್ದಿದರೂ, ಇಲ್ಲದ ವಿವರ ಮರಳಿ ಬಾರದು.

2. ಮಸೂರದ ವೇಗ

ಮಸೂರದ ರಂಧ್ರದ ಅಳತೆಯನ್ನು ಎಫ್-ಸಂಖ್ಯೆ ಸೂಚಿಸುತ್ತದೆ. ಇದು ಮಿಲಿಮೀಟರುಗಳಲ್ಲಿ ಕೊಟ್ಟ ಅಳತೆಯಲ್ಲ, ಒಂದು ಅನುಪಾತ: ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ. 50 ಮಿ.ಮೀ. ಸಂಗಮದೂರದ ಮಸೂರದ ರಂಧ್ರ 25 ಮಿ.ಮೀ. ಆದರೆ ಎಫ್ 2, 12.5 ಮಿ.ಮೀ. ಆದರೆ ಎಫ್ 4. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದೆಂಬ ವಿಪರ್ಯಾಸಕ್ಕೆ ಇದೇ ಕಾರಣ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುವುದರಿಂದ ಎಫ್ 4ರಲ್ಲಿ ಎಫ್ 2ರ ಕಾಲುಭಾಗ ಬೆಳಕು ಬರುತ್ತದೆ. ಅರ್ಧಭಾಗಕ್ಕೆ ಎಫ್ 2.8 ಬೇಕು. 1.4, 2, 2.8, 4, 5.6, 8, 11, 16, 22 ಎಂಬ ಶ್ರೇಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತ ಹೋಗುತ್ತದೆ.

ಅತಿ ದೊಡ್ಡ ರಂಧ್ರವನ್ನು ತೆರೆಯಬಲ್ಲ ಮಸೂರವನ್ನು ‘ವೇಗದ ಮಸೂರ’ವೆನ್ನುತ್ತಾರೆ. ಇಲ್ಲಿ ಚಲಿಸುವುದು ಯಾವುದೂ ಇಲ್ಲ. ಹಿರಿದಾದ ರಂಧ್ರಕ್ಕೆ ತೆರಬೇಕಾದ ಬೆಲೆಯೆಂದರೆ ಸ್ಫುಟತೆಯ ಆಳದ ನಷ್ಟ: ಒಂದು ದೂರದಲ್ಲಿರುವುದು ಮಾತ್ರ ಸ್ಪಷ್ಟವಾಗಿ, ಅದರ ಹಿಂದುಮುಂದಿನವು ಮಸುಕಾಗುತ್ತವೆ.

3. ಷಟರಿನ ವೇಗ

1/30, 1/60, 1/125, 1/250 ಎಂಬಿವು ಷಟರು ತೆರೆದಿರುವ ಅವಧಿಗಳು; ಸೆಕೆಂಡಿನ ಭಾಗಗಳು. ಹಳೆಯ ಕ್ಯಾಮರಾಗಳಲ್ಲಿ 1/25, 1/50, 1/100 ಎಂದಿರುವುದುಂಟು. ವಾಸ್ತವವಾಗಿ ಇದು ಕಾಲದ ಅಳತೆಯೇ ಹೊರತು ವೇಗದ ಅಳತೆಯಲ್ಲ. ಅವಧಿ ದೀರ್ಘವಾದರೆ ಚಲಿಸುವ ವಸ್ತುವೂ, ಕೈಯಲ್ಲಿ ಹಿಡಿದ ಕ್ಯಾಮರಾದ ನಡುಕವೂ ಚಿತ್ರದಲ್ಲಿ ಮಸುಕಾಗಿ ಮೂಡುತ್ತವೆ. 50 ಮಿ.ಮೀ. ಮಸೂರವನ್ನು ಕೈಯಲ್ಲಿ ಹಿಡಿದು ತೆಗೆಯುವಾಗ 1/50ಕ್ಕಿಂತ ದೀರ್ಘವಾದ ಅವಧಿ ಅಪಾಯಕರವೆಂಬುದು ರೂಢಿಯ ನಿಯಮ.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳ ಚಿತ್ರಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ತೆಗೆದನು. ಆ ವಿಧಾನದಲ್ಲಿ ಅವಧಿಯನ್ನು ಎಣಿಸಬೇಕಾಗಿದ್ದುದು ನಿಮಿಷಗಳಲ್ಲಿ. ಕಲ್ಲು ಕದಲದೆ ನಿಲ್ಲುವುದರಿಂದ ಅಷ್ಟು ದೀರ್ಘ ಅವಧಿಯೂ ಅದಕ್ಕೆ ಬಾಧಕವಾಗಲಿಲ್ಲ.

4. ಫಿಲಮಿನ ವೇಗ

ಬೆಳಕಿಗೆ ಫಿಲಂ ಎಷ್ಟು ಬೇಗ ಸ್ಪಂದಿಸುತ್ತದೆಂಬುದು ಮೂರನೆಯ ‘ವೇಗ’. ಇದು ನಿಜವಾಗಿ ಸಂವೇದಿತೆ. ಅಮೆರಿಕದ ಎ.ಎಸ್.ಎ. ಸಂಖ್ಯೆಯೂ ಜರ್ಮನಿಯ ಡಿನ್ ಸಂಖ್ಯೆಯೂ ಮೊದಲು ಬೇರೆಬೇರೆಯಾಗಿದ್ದವು. 1974ರಲ್ಲಿ ಅವೆರಡನ್ನೂ ಐ.ಎಸ್.ಒ. ಮಾನಕದಲ್ಲಿ ಕೂಡಿಸಲಾಯಿತು. ಸಂವೇದಿತೆ ಇಮ್ಮಡಿಯಾದರೆ ಎ.ಎಸ್.ಎ. ಸಂಖ್ಯೆಯೂ ಇಮ್ಮಡಿಯಾಗುತ್ತದೆ, ಡಿನ್ ಸಂಖ್ಯೆಯಾದರೋ 3ರಷ್ಟು ಮಾತ್ರ ಏರುತ್ತದೆ. ಎ.ಎಸ್.ಎ. 100 ಎಂದರೆ ಡಿನ್ 21, ಎ.ಎಸ್.ಎ. 200 ಎಂದರೆ ಡಿನ್ 24. ಸಂವೇದಿತೆ ಹೆಚ್ಚಾದ ಫಿಲಮಿನಲ್ಲಿ ಬೆಳ್ಳಿಯ ಕಣಗಳ ಒರಟುತನವೂ ಸಾಮಾನ್ಯವಾಗಿ ಹೆಚ್ಚು. ಇದು ಅದರ ಬೆಲೆ.

5. ಮೂರರ ಸಂಬಂಧ

ಮೂರು ಅಳತೆಗಳೂ ಇಮ್ಮಡಿ-ಅರ್ಧಗಳ ಮೆಟ್ಟಿಲುಗಳಲ್ಲಿ ಸಾಗುವುದರಿಂದ ಒಂದನ್ನು ಇನ್ನೊಂದರಿಂದ ಸರಿದೂಗಿಸಬಹುದು. ಎಫ್ 16 ಮತ್ತು 1/125, ಎಫ್ 11 ಮತ್ತು 1/250, ಎಫ್ 8 ಮತ್ತು 1/500: ಈ ಮೂರು ಜೋಡಿಗಳೂ ಕೊಡುವ ಎಕ್ಸ್‌ಪೋಷರ್ ಒಂದೇ, ಸ್ಫುಟತೆ ಮಾತ್ರ ಬೇರೆ. ಸ್ಪಷ್ಟವಾದ ಬಿಸಿಲಿನಲ್ಲಿ ಎಫ್ 16 ಇರಿಸಿ, ಫಿಲಮಿನ ಸಂಖ್ಯೆ 100 ಆದರೆ 1/100 ಸೆಕೆಂಡು, 50 ಆದರೆ 1/50 ಸೆಕೆಂಡು ಕೊಡುವುದು ಛಾಯಾಗ್ರಾಹಕರಲ್ಲಿ ಪ್ರಸಿದ್ಧವಾದ ಸೂತ್ರ.

6. ಹಳೆಯ ಟಿಪ್ಪಣಿಗಳ ಪರಿಶೀಲನೆ

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು: ಕೆಲವು ಹಳೆಯ ಕ್ಯಾಮರಾಗಳ ರಂಧ್ರಸೂಚಿಯಲ್ಲಿ ಎಫ್-ಸಂಖ್ಯೆಯ ಬದಲು ‘ಯು.ಎಸ್.’ ಎಂಬ ಏಕರೂಪ ಶ್ರೇಣಿಯಿದೆ. ಅದರಲ್ಲಿ 4 ಎಂದರೆ ಎಫ್ 8, 8 ಎಂದರೆ ಎಫ್ 11. 16 ಮಾತ್ರ ಎರಡರಲ್ಲಿಯೂ ಒಂದೇ. ಎರಡನೆಯದು: 1960ರಲ್ಲಿ ಎ.ಎಸ್.ಎ. ಮಾನಕ ಪರಿಷ್ಕೃತವಾದಾಗ ಕಪ್ಪು-ಬಿಳುಪು ಫಿಲಮುಗಳ ಸಂಖ್ಯೆ ಹೆಚ್ಚುಕಡಮೆ ಇಮ್ಮಡಿಯಾಯಿತು. ಬದಲಾದದ್ದು ಫಿಲಮಲ್ಲ, ಎಕ್ಸ್‌ಪೋಷರ್ ಸಾಲದೆ ಹೋಗಬಾರದೆಂದು ಮೊದಲಿನ ಲೆಕ್ಕದಲ್ಲಿ ಸೇರಿಸಿದ್ದ ರಕ್ಷಣೆಯ ಅಂಶವನ್ನು ಬಹುಮಟ್ಟಿಗೆ ಕಳೆಯಲಾಯಿತು.

ಲಕೋಟೆಯೊಂದರ ಮೇಲೆ 1958ನೆಯ ಇಸವಿಯೂ ‘ಎಫ್ 11, 1/50, ಎ.ಎಸ್.ಎ. 50’ ಎಂಬ ಟಿಪ್ಪಣಿಯೂ ಇವೆಯೆಂದು ಭಾವಿಸೋಣ. ಬಿಸಿಲಿನ ಸೂತ್ರಕ್ಕೆ ಹೋಲಿಸಿದರೆ ರಂಧ್ರದಿಂದ ಎರಡರಷ್ಟು, ಹಳೆಯ ಮಾನಕದ ದೆಸೆಯಿಂದ ಮತ್ತೆ ಎರಡರಷ್ಟು, ಒಟ್ಟು ನಾಲ್ಕರಷ್ಟು ಬೆಳಕು ದೊರೆತಿದೆ. ಶಾಸನವು ಬಯಲಿನ ಬಿಸಿಲಿನಲ್ಲಿದ್ದಿದ್ದರೆ ನೆರಳಿನ ವಿವರ ಕಳೆದಿರುವ ಸಂಭವ ಕಡಮೆ. ಅದೇ ಟಿಪ್ಪಣಿ ಕತ್ತಲೆಗವಿದ ಮಂಟಪದ ಒಳಗಿನ ಚಿತ್ರದ್ದಾದರೆ ಅಷ್ಟು ಬೆಳಕು ಏನೇನೂ ಸಾಲದು.

ಆಮೇಲೆ ನೆಗೆಟಿವನ್ನೇ ನೋಡಬೇಕು. ಅಕ್ಷರವಿರಬೇಕಾದ ಜಾಗವು ಸುತ್ತಲ ಕಲ್ಲಿನ ಮೇಲ್ಮೈ ಸಮೇತ ಗಾಜಿನಂತೆ ತಿಳಿಯಾಗಿದ್ದರೆ ಎಕ್ಸ್‌ಪೋಷರ್ ಸಾಲದಾಗಿದೆ. ಚಿತ್ರವೆಲ್ಲ ಒಂದೇ ದಿಕ್ಕಿಗೆ ಜಾರಿದಂತಿದ್ದರೆ ಕ್ಯಾಮರಾ ಅಲುಗಿದೆ. ಒಂದು ಭಾಗ ಸ್ಫುಟವಾಗಿದ್ದು ಮತ್ತೊಂದು ಮಸುಕಾಗಿದ್ದರೆ ಸ್ಫುಟತೆಯ ಆಳ ಸಾಲದಾಗಿದೆ. ಈ ಮೂರು ಸಂದರ್ಭಗಳಲ್ಲಿಯೂ ಅಕ್ಷರ ಅಳಿದಿದೆಯೆಂದು ಹೇಳಲು ನೆಗೆಟಿವ್ ಆಧಾರವಾಗಲಾರದು. ಇದಕ್ಕೆ ಪ್ರತಿಯಾಗಿ, ಕಲ್ಲಿನ ಕಣಕಣವೂ ಉಳಿಯ ಗುರುತುಗಳೂ ನಿಚ್ಚಳವಾಗಿ ಕಾಣುತ್ತಿದ್ದು ಅಕ್ಷರ ಮಾತ್ರ ಕಾಣದಿದ್ದರೆ ಸವೆತವನ್ನು ಊಹಿಸಬಹುದು. ಆಗಲೂ ನೆರಳಿನ ದಿಕ್ಕನ್ನು ಗಮನಿಸುವುದು ಯುಕ್ತ. ಬೆಳಕು ಓರೆಯಾಗಿ ಬೀಳದೆ ನೇರವಾಗಿ ಎದುರಿನಿಂದ ಬಿದ್ದಿದ್ದರೆ ಆಳವಿಲ್ಲದ ಅಕ್ಷರ ಇದ್ದೂ ಕಾಣದೆ ಹೋಗುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ‘ವೇಗ’ ಎಂಬ ಮಾತನ್ನು ಮೂರೆಡೆಯಲ್ಲಿಯೂ ಬಳಸುವುದು ಗೊಂದಲಕ್ಕೆ ಎಡೆಗೊಡುತ್ತದೆಂಬುದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಮಸೂರಕ್ಕೆ ‘ರಂಧ್ರವಿಸ್ತಾರ’, ಷಟರಿಗೆ ‘ತೆರವಿನ ಅವಧಿ’, ಫಿಲಮಿಗೆ ‘ಸಂವೇದಿತೆ’ ಎಂಬ ಶಬ್ದಗಳನ್ನು ಪ್ರತ್ಯೇಕವಾಗಿ ಬಳಸುವುದು ಉಚಿತ. ಹಳೆಯ ನೆಗೆಟಿವುಗಳ ಸೂಚಿ ತಯಾರಿಸುವವರು ಲಕೋಟೆಯ ಮೇಲಿನ ಟಿಪ್ಪಣಿಯನ್ನು ಇದ್ದಂತೆಯೇ ನಕಲು ಮಾಡಿ, ಅದರೊಡನೆ ಚಿತ್ರ ತೆಗೆದ ವರ್ಷವನ್ನೂ ಬೆಳಕಿನ ಸ್ವರೂಪವನ್ನೂ ನಮೂದಿಸಬೇಕು. ಇಷ್ಟು ಮಾಡಿದಲ್ಲಿ, ಫಿಲಮಿನಲ್ಲಿ ಕಳೆದುಹೋದ ಅಕ್ಷರವನ್ನು ಕಲ್ಲಿನಲ್ಲಿ ಅಳಿದುಹೋಯಿತೆಂದು ಮುದ್ರಿಸುವ ಪ್ರಮಾದವನ್ನು ಬಹುಮಟ್ಟಿಗೆ ತಪ್ಪಿಸಬಹುದು.