ಸೋರುವ ಬಸ್ಸು: ರಬ್ಬರ್ ಬದಲಿಸೋ ಮೊದಲು ಟೇಪ್ ಹಿಡೀರಿ

ಮಳೆಗಾಲ ಶುರುವಾದರೆ ಸಾಕು, ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೂ ಬೇಡ. ಬೇಸಿಗೆ ಪೂರ್ತಿ ಅದೇ ಸೀಟಿಗಾಗಿ ಕಿಟಕಿಯಿಂದ ಟವಲ್ ಎಸೆಯೋ ನಾವೇ, ಜೂನ್ ಬಂತಂದ್ರೆ "ಇಲ್ಲಿ ಕೂತ್ಕೊಳ್ರಿ ಅಜ್ಜಿ" ಅಂತ ಬಹಳ ಉದಾರಿಗಳಾಗಿಬಿಡ್ತೀವಿ. ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚೂಕಡಿಮೆ 14 ಕಿ.ಮೀ. ಅಷ್ಟು ದೂರಕ್ಕೇ ಒಂದು ತೋಳು ಪೂರ್ತಿ ತೊಯ್ದಿರುತ್ತೆ. ಅದನ್ನ ನೋಡಿದವರೆಲ್ಲ ಹೇಳೋ ಮಾತು ಒಂದೇ: "ರಬ್ಬರ್ ಹೋಗಿದೆ, ಬದಲಿಸಬೇಕು."

ಮಾತು ಅರ್ಧ ಸತ್ಯ. ಹೊಸ ರಬ್ಬರ್ ಹಾಕಿದ ಬಾಗಿಲು ಒಂದೆರಡು ತಿಂಗಳಲ್ಲೇ ಮತ್ತೆ ಸೋರೋದನ್ನ ಎಷ್ಟೋ ಸಲ ನೋಡ್ತೀವಿ. ಯಾಕಂದ್ರೆ ತಪ್ಪು ಬಹಳ ಸಲ ರಬ್ಬರಿನದಲ್ಲ, ರಬ್ಬರ್ ಕೂತಿರೋ ಚೌಕಟ್ಟಿನದು. ಈ ಲೇಖನ ಅದರ ಬಗ್ಗೆ. ಮೆಕ್ಯಾನಿಕಲ್‌ನವರಿಗೆ ಮಾತ್ರ ಅಲ್ಲ, ಪೈಥಾಗೊರಸ್ ನೆನಪಿರೋ ಯಾರಿಗಾದರೂ ಅರ್ಥ ಆಗುತ್ತೆ.

ಡ್ರಾಯರ್ ಥರದ ಮನೆ

ಅಮೆರಿಕದ ಕಡೆ ಆರ್‌ವಿ ಅನ್ನೋ ಗಾಡಿಗಳಿವೆ, ಅಂದ್ರೆ ಚಕ್ರದ ಮೇಲಿನ ಮನೆ. ಅವುಗಳಲ್ಲಿ ಬಹಳಷ್ಟಕ್ಕೆ 'ಸ್ಲೈಡ್-ಔಟ್' ಅಂತ ಒಂದು ವ್ಯವಸ್ಥೆ ಇರುತ್ತೆ. ಗಾಡಿ ನಿಂತಾಗ ಗೋಡೆಯ ಒಂದು ಭಾಗ ಮೇಜಿನ ಡ್ರಾಯರ್ ಥರ ಹೊರಗೆ ಜಾರಿ ಬರುತ್ತೆ, ಒಳಗೆ ಕೋಣೆ ದೊಡ್ಡದಾಗುತ್ತೆ. ಹೊರಡುವಾಗ ಮತ್ತೆ ಒಳಗೆ. ಈ ಡ್ರಾಯರ್ ಸುತ್ತ ಸಾಮಾನ್ಯವಾಗಿ ಎರಡು ಬಗೆಯ ರಬ್ಬರ್ ಇರುತ್ತೆ. ಒಂದು ಒಳಗೆ ಟೊಳ್ಳಿರೋ ಗುಂಡನೆಯ ರಬ್ಬರ್. ಒತ್ತಿದಾಗ ಚಪ್ಪಟೆಯಾಗಿ ಸಂದು ಮುಚ್ಚುತ್ತೆ. ಇನ್ನೊಂದು ತೆಳು ನಾಲಿಗೆಯಂಥದ್ದು. ಕೋಣೆ ಜಾರುವಾಗ ಅದರ ಮೈಮೇಲಿನ ನೀರು, ದೂಳು ಒರೆಸುತ್ತೆ.

ನಮ್ಮೂರಲ್ಲಿ ಸ್ಲೈಡ್-ಔಟ್ ಇಲ್ಲ. ಆದರೆ ಪಿ.ಬಿ. ರಸ್ತೆಯಲ್ಲಿ ಓಡೋ ಪ್ರತಿ ಬಸ್ಸಿನಲ್ಲೂ ಅದರ ಅಣ್ತಮ್ಮಂದಿರಿದ್ದಾರೆ: ಜಾರುವ ಗ್ಲಾಸು, ಹತ್ತುವ ಬಾಗಿಲು, ಡಿಕ್ಕಿಯ ಮುಚ್ಚಳ, ಎಮರ್ಜೆನ್ಸಿ ಡೋರು. ಅಷ್ಟೇ ಯಾಕೆ, ನಮ್ಮ ವರ್ಕ್‌ಶಾಪಿನ ಲೇತ್ ನೋಡ್ರಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪು ಸೇರಿದವು. ಲೇತಿನ ಕ್ಯಾರೇಜ್ ಬೆಡ್ ಮೇಲೆ ಜಾರುವಾಗ ಅದರ ಅಂಚಿನಲ್ಲಿರೋ ವೈಪರ್ ಚೂರುಪಾರನ್ನ ಒರೆಸುತ್ತೆ. ಕ್ರಾಸ್ ಸ್ಲೈಡ್ ಸಡಿಲ ಆದರೆ 'ಗಿಬ್' ಪಟ್ಟಿಯ ಸ್ಕ್ರೂ ತಿರುಗಿಸಿ ಸಂದು ಸರಿ ಮಾಡ್ತೀವಿ. ಸ್ಲೈಡ್ ಅಲ್ಲಾಡ್ತಿದ್ರೆ ಯಾರೂ ವೈಪರ್ ಬದಲಿಸಲ್ಲ, ಮೊದಲು ಗಿಬ್ ನೋಡ್ತಾರೆ. ಬಸ್ಸಿನ ಬಾಗಿಲಿಗೂ ಇದೇ ಬುದ್ಧಿ ಬೇಕು. ದಾರಿ ಸರಿ ಇಡೋದು ಒಂದು ಕೆಲಸ, ಸಂದು ಮುಚ್ಚೋದು ಇನ್ನೊಂದು. ಮೊದಲನೆಯದನ್ನ ಎರಡನೆಯದರಿಂದ ಮಾಡಿಸೋಕೆ ಆಗಲ್ಲ.

ರಬ್ಬರ್ ಯಾಕೆ ಸೋಲುತ್ತೆ?

ಸೀಲ್ ಕೆಲಸ ಮಾಡೋದು ತಾನು ವಾಪಸ್ ತಳ್ಳೋದರಿಂದ. 12 ಮಿ.ಮೀ. ದಪ್ಪದ ಟೊಳ್ಳು ರಬ್ಬರನ್ನ ಬಾಗಿಲು ಮುಚ್ಚಿದಾಗ 8 ಮಿ.ಮೀ.ಗೆ ಒತ್ತುತ್ತೆ ಅಂತ ಇಟ್ಕೊಳ್ಳಿ. ಅದು ಮತ್ತೆ 12 ಆಗೋಕೆ ಒದ್ದಾಡುತ್ತಿರುತ್ತಲ್ಲ, ಆ ಒದ್ದಾಟವೇ ಸೀಲು. ಎರಡು ಮೂರು ಬೇಸಿಗೆ ಕಳೆದ ಮೇಲೆ ಬಾಗಿಲು ತೆಗೆದರೆ ರಬ್ಬರ್ ಬರೀ 9ಕ್ಕೆ ಬಂದು ನಿಂತಿರುತ್ತೆ. ಒತ್ತಿದ 4 ಮಿ.ಮೀ.ನಲ್ಲಿ 3 ಮಿ.ಮೀ. ವಾಪಸ್ ಬರಲೇ ಇಲ್ಲ, ಅಂದ್ರೆ 75 ಶೇಕಡಾ. ಇದಕ್ಕೆ 'ಕಂಪ್ರೆಷನ್ ಸೆಟ್' ಅಂತಾರೆ. ನೋಡೋಕೆ ರಬ್ಬರ್ ಚೆನ್ನಾಗೇ ಇರುತ್ತೆ, ಹರಿದಿರಲ್ಲ. ಆದರೆ ಬಾಗಿಲಿಗೆ ಅದು ಕೊಡೋ ಹಿಡಿತ ಈಗ 1 ಮಿ.ಮೀ. ಮಾತ್ರ. ಬಸ್ಸು ಒಂದು ಹಂಪ್ ಹಾರಿದರೆ ಅದೂ ಇಲ್ಲ.

ಎರಡನೇ ಶತ್ರು ಬಿಸಿಲು ಮತ್ತು ಗಾಳಿಯಲ್ಲಿರೋ ಓಝೋನ್. ನೈಸರ್ಗಿಕ ರಬ್ಬರಿನ ಮುಖ್ಯ ಸರಪಳಿಯಲ್ಲೇ ಜೋಡಿ ಬಂಧಗಳಿರುತ್ತವೆ. ಓಝೋನ್ ಅಲ್ಲೇ ಕತ್ತರಿ ಹಾಕುತ್ತೆ. ಎಳೆದು ಕೂರಿಸಿದ ಮೂಲೆಗಳಲ್ಲಿ, ಎಳೆತಕ್ಕೆ ಅಡ್ಡವಾಗಿ ಸಣ್ಣ ಸಣ್ಣ ಬಿರುಕು ಕಾಣೋದು ಇದರಿಂದ. ಇಪಿಡಿಎಂ ಅನ್ನೋ ರಬ್ಬರಿನಲ್ಲಿ ಜೋಡಿ ಬಂಧಗಳು ಪಕ್ಕದ ಕವಲಿನಲ್ಲಿರುತ್ತವೆ, ಬೆನ್ನೆಲುಬಿನಲ್ಲಿ ಅಲ್ಲ. ಅದಕ್ಕೇ ಬಿಸಿಲು ಮಳೆ ತಡೆಯೋದರಲ್ಲಿ ಅದು ಗಟ್ಟಿ, ಗಾಡಿಗಳ ಬೀಡಿಂಗಿಗೆ ಬಹಳ ಬಳಕೆ.

ಆದರೆ ಇಪಿಡಿಎಂಗೆ ಒಂದು ದೊಡ್ಡ ದೌರ್ಬಲ್ಯ ಇದೆ: ಪೆಟ್ರೋಲಿಯಂ ಎಣ್ಣೆ. ರಬ್ಬರ್ ಕರ್ರಗೆ ಮಿಂಚಲಿ ಅಂತ ಕೆಲವರು ಡೀಸೆಲ್ ಒರೆಸ್ತಾರೆ, ಬಾಗಿಲು ಕಿರುಗುಟ್ಟಿದರೆ ರಬ್ಬರಿಗೇ ಗ್ರೀಸ್ ಹಚ್ತಾರೆ. ಎರಡೂ ಬೇಡ. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ, ಜಾಗ ಬಿಟ್ಟು ಏಳುತ್ತೆ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಗ್ರೀಸ್ ಏನಿದ್ದರೂ ಹಿಂಜಿಗೆ.

ಚೌಕಟ್ಟು ವಾಲಿದ್ರೆ

ಈಗ ಅಸಲಿ ವಿಷಯ. ಬಾಗಿಲ ಚೌಕಟ್ಟು 1800 ಮಿ.ಮೀ. ಎತ್ತರ, 750 ಮಿ.ಮೀ. ಅಗಲ ಇದೆ ಅನ್ಕೊಳ್ಳಿ. ಮೂಲೆಗಳು ಸರಿಯಾಗಿ 90 ಡಿಗ್ರಿ ಇದ್ದರೆ ಎರಡೂ ಕರ್ಣಗಳು 1950 ಮಿ.ಮೀ. ಬರಬೇಕು. ವರ್ಷಗಟ್ಟಲೆ ಗುಂಡಿ, ಹಂಪ್, ಬಾಗಿಲಲ್ಲಿ ಜೋತುಬಿದ್ದ ಜನ ಎಲ್ಲಾ ಸೇರಿ ಚೌಕಟ್ಟಿನ ತಲೆ 6 ಮಿ.ಮೀ. ಒಂದು ಕಡೆ ವಾಲಿತು. ಕಣ್ಣಿಗೆ ಏನೂ ಗೊತ್ತಾಗಲ್ಲ. ಟೇಪ್ ಹಿಡಿದರೆ ಒಂದು ಕರ್ಣ ಸುಮಾರು 1952, ಇನ್ನೊಂದು 1948ರ ಹತ್ತಿರ. ವ್ಯತ್ಯಾಸ ನಾಲ್ಕೂವರೆ ಮಿ.ಮೀ.

"ಅಷ್ಟೇನಾ?" ಅನ್ನಬೇಡಿ. ಚೌಕಟ್ಟು ಓರೆಯಾಯ್ತು, ಬಾಗಿಲು ಮಾತ್ರ ಆಯತವಾಗೇ ಇದೆ. ಹಿಂಜು ಇರೋ ಕಂಬದ ಜತೆ ಅದೂ ವಾಲುತ್ತೆ. 1800ಕ್ಕೆ 6 ಅಂದ್ರೆ 300ಕ್ಕೆ 1. ಅದೇ ಲೆಕ್ಕದಲ್ಲಿ 750 ಮಿ.ಮೀ. ಅಗಲದ ಬಾಗಿಲಿನ ಚಿಲಕದ ಕಡೆ ಎರಡೂವರೆ ಮಿ.ಮೀ. ಮೇಲೋ ಕೆಳಗೋ ಹೋಗುತ್ತೆ. ಮೇಲಿನ ಅಂಚಿನ ರಬ್ಬರನ್ನ 4 ಮಿ.ಮೀ. ಒತ್ತಬೇಕಿದ್ದ ಬಾಗಿಲು ಚಿಲಕದ ಮೂಲೆಯಲ್ಲಿ ಒಂದೂವರೆ ಮಿ.ಮೀ. ಮಾತ್ರ ಒತ್ತುತ್ತೆ, ಇಲ್ಲವೇ ಆರೂವರೆ ಮಿ.ಮೀ. ಜಜ್ಜುತ್ತೆ. ಒಂದರಲ್ಲಿ ನೀರು ಬರುತ್ತೆ, ಇನ್ನೊಂದರಲ್ಲಿ ರಬ್ಬರ್ ಹರಿಯುತ್ತೆ. ಹೊಸ ರಬ್ಬರ್ ಹಾಕಿದರೂ ಇದೇ ಕತೆ.

ಕರ್ಣಗಳು ಸಮ ಇದ್ದೂ ಸಂದು ಓರೆ ಕಾಣ್ತಿದೆಯಾ? ಹಾಗಾದರೆ ಚಿಲಕದ ಕಡೆಯಿಂದ ಬಾಗಿಲನ್ನ ಕೈಯಲ್ಲಿ ಮೇಲೆತ್ತಿ ನೋಡಿ. ಲೊಡಲೊಡ ಅಂದ್ರೆ ಹಿಂಜಿನ ಪಿನ್ ಸವೆದಿದೆ. ಇದು ಅಗ್ಗದ ಕಾಯಿಲೆ. ಕರ್ಣವೇ ತಪ್ಪಿದ್ದರೆ ಮೂಲೆಯ ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ, ಬಾಡಿಯನ್ನ ಚಾಸಿಗೆ ಹಿಡಿದಿರೋ ಬೋಲ್ಟುಗಳು ಸಡಿಲವಾ ಅಂತ ನೋಡಬೇಕು. ಅಳೆಯುವಾಗ ಬಸ್ಸು ಸಮತಟ್ಟಾದ ಜಾಗದಲ್ಲಿರಲಿ, ಟೈರುಗಳಲ್ಲಿ ಗಾಳಿ ಸಮ ಇರಲಿ. ಒಂದು ಚಕ್ರ ಗುಂಡಿಯಲ್ಲಿದ್ದರೆ ಬಾಡಿ ಆಗಲೇ ತಿರುಚಿರುತ್ತೆ, ನೀವು ಅಳೆದದ್ದು ಗುಂಡಿಯನ್ನ.

ಓಡುವಾಗ ಮಾತ್ರ ಸೋರೋದು ಯಾಕೆ?

"ಸ್ಟ್ಯಾಂಡಲ್ಲಿ ನೀರು ಹಾಕಿ ನೋಡಿದ್ವಿ, ಸೋರಲಿಲ್ಲ. ಹೈವೇಗೆ ಹೋದ್ರೆ ಸೋರುತ್ತೆ" – ಈ ದೂರಿಗೆ ಉತ್ತರ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಎದುರು ಗಾಳಿಯ ಒತ್ತಡ ಅಂದ್ರೆ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. ಗಂಟೆಗೆ 60 ಕಿ.ಮೀ. ವೇಗಕ್ಕೆ ಅದು ಸುಮಾರು 167 ಪ್ಯಾಸ್ಕಲ್, ಅಂದ್ರೆ 17 ಮಿ.ಮೀ. ನೀರಿನ ಎತ್ತರ. 80 ಕಿ.ಮೀ.ಗೆ ಸುಮಾರು 296 ಪ್ಯಾಸ್ಕಲ್, ಅಂದ್ರೆ 30 ಮಿ.ಮೀ. ಗಾಳಿಗೆ ಎದುರಾದ ಸಂದಿನಲ್ಲಿ, ಒಳಗೂ ಹೊರಗೂ ಪೂರ್ತಿ ಅಷ್ಟು ವ್ಯತ್ಯಾಸ ಇದ್ದರೆ, ನೀರು ಮೂರು ಸೆಂಟಿಮೀಟರ್ ಮೇಲಕ್ಕೆ ಹತ್ತಿ ಒಳಗೆ ಬರಬಲ್ಲದು. ನಿಂತ ಬಸ್ಸಿಗೆ ಮೇಲಿಂದ ನೀರು ಸುರಿದರೆ ಈ ದಾರಿ ಕಾಣೋದೇ ಇಲ್ಲ.

ಮುಚ್ಚಬಾರದ ತೂತು

ಜಾರುವ ಗ್ಲಾಸಿನ ಕೆಳಗಿನ ಚಾನೆಲ್ಲಿಗೆ ಸ್ವಲ್ಪ ನೀರು ಬಂದೇ ಬರುತ್ತೆ ಅಂತ ಲೆಕ್ಕ ಹಾಕಿಯೇ ಅದನ್ನ ಮಾಡಿರ್ತಾರೆ. ಆ ನೀರು ಹೊರಗೆ ಹೋಗೋಕೆ ಚಾನೆಲ್ಲಿನ ಹೊರ ಅಂಚಿನಲ್ಲಿ ಸಣ್ಣ ತೂತು ಅಥವಾ ಸೀಳು ಇರುತ್ತೆ. ನಮ್ಮ ಕಡೆಯ ಕಪ್ಪು ಮಣ್ಣಿನ ದೂಳು, ಶೇಂಗಾ ಸಿಪ್ಪೆ, ಮಂಡಕ್ಕಿ ಪುಡಿ, ಮಡಚಿದ ಟಿಕೆಟ್ಟು ಎಲ್ಲಾ ಸೇರಿ ಅದು ಮುಚ್ಚಿಹೋಗುತ್ತೆ. ಚಾನೆಲ್ ತೊಟ್ಟಿಯಾಗುತ್ತೆ, ಬ್ರೇಕ್ ಹಾಕಿದಾಗ ತುಳುಕಿ ನಿಮ್ಮ ಪ್ಯಾಂಟಿನ ಮೇಲೆ ಬರುತ್ತೆ.

ಇದಕ್ಕೆ ಬೇಕಾದ ಸಾಮಾನು ಒಂದು ತಂತಿ ಚೂರು, ಒಂದು ಹಳೇ ಬ್ರಷ್ಷು. ಆದರೆ ಆಗೋದೇನು? ಯಾರೋ ಸಿಲಿಕೋನ್ ಟ್ಯೂಬ್ ತಂದು ಕಂಡ ಕಂಡ ಸಂದಿಗೆಲ್ಲ ಬಳೀತಾರೆ, ಆ ತೂತೂ ಸೇರಿ! ಅಲ್ಲಿಂದ ನೀರಿಗೆ ಹೊರದಾರಿ ಇಲ್ಲ. ಗೋಡೆಯ ತಗಡಿನ ಹಿಂದೆ ಇಳಿಯುತ್ತೆ, ಕಬ್ಬಿಣದ ಪೈಪಿನೊಳಗೆ ತುಕ್ಕು ಹಿಡಿಸುತ್ತೆ, ನೆಲದ ಪ್ಲೈವುಡ್ ಕೊಳೆಸುತ್ತೆ, ವೈರಿಂಗ್ ಜಾಯಿಂಟಿಗೆ ತಲುಪುತ್ತೆ. ಕಣ್ಣಿಗೆ ಸೋರಿಕೆ ನಿಂತಿದೆ, ಬಸ್ಸು ಒಳಗಿಂದ ಸಾಯ್ತಿದೆ.

ಕೆಲಸದ ಕ್ರಮ

1. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಹೊರಗಿಂದ ಪೈಪಿನಲ್ಲಿ ನೀರು ಬಿಡೋದು ಕೆಳಗಿಂದ ಮೇಲಕ್ಕೆ, ಒಂದೊಂದು ಎತ್ತರದಲ್ಲಿ ಎರಡು ಮೂರು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲಾ ಕಡೆ ನೀರಿಳಿದು ಜಾಗ ಗೊತ್ತಾಗಲ್ಲ.
2. ನೀರು ಹೋಗೋ ತೂತುಗಳನ್ನ ಬಿಡಿಸಿ. ಅರ್ಧ ದೂರುಗಳು ಇಲ್ಲೇ ಮುಗಿದರೂ ಆಶ್ಚರ್ಯ ಇಲ್ಲ.
3. ಎರಡೂ ಕರ್ಣ ಅಳೆಯಿರಿ, ಹಿಂಜು ಅಲ್ಲಾಡಿಸಿ ನೋಡಿ.
4. ನ್ಯೂಸ್‌ಪೇಪರಿನ ಪಟ್ಟಿ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಸಲೀಸಾಗಿ ಬಂದ ಕಡೆ ಚಾಕ್‌ಪೀಸಿನ ಗುರುತು ಹಾಕಿ.
5. ಹಿಂಜಿನ ಹಿಂದೆ ತೆಳು ತಗಡಿನ ಪ್ಯಾಕಿಂಗ್ ಕೊಟ್ಟು ಬಾಗಿಲನ್ನ ಸರಿ ಕೂರಿಸಿ, ಆಮೇಲೆ ಚಿಲಕ ಕೂರೋ ಕೊಂಡಿ ಸರಿಸಿ. ಮತ್ತೆ ಪೇಪರ್ ಪರೀಕ್ಷೆ.
6. ಕಟ್ಟಕಡೆಗೆ ರಬ್ಬರ್. ಹಳೇ ಅಂಟು, ತುಕ್ಕು ಪೂರ್ತಿ ಕೆರೆದು, ತುಕ್ಕಿದ್ದ ಕಡೆ ಪ್ರೈಮರ್ ಹಚ್ಚಿ. ರಬ್ಬರನ್ನ ಎಳೆದು ಕೂರಿಸಬೇಡಿ. ಎಳೆದದ್ದು ಕುಗ್ಗುತ್ತೆ, ಜೋಡಣೆ ಬಾಯಿ ಬಿಡುತ್ತೆ, ಮೂಲೆ ತೆಳುವಾಗುತ್ತೆ. ಜೋಡಣೆ ಕೆಳಗಡೆ ಅಂಚಿನ ನಡುವೆ ಬರಲಿ, ಮೂಲೆಯಲ್ಲಿ ಬೇಡ.

ಆರನೆಯದರಿಂದ ಶುರು ಮಾಡಿದರೆ ಖರ್ಚು ಗ್ಯಾರಂಟಿ, ಫಲಿತಾಂಶ ಇಲ್ಲ.

ಮುಚ್ಚಬೇಕು, ತೆರೆಯಲೂಬೇಕು

ಇಷ್ಟೊತ್ತು ನೀರಿನ ಮಾತಾಯ್ತು. ಕೊನೆಯದು ಜೀವದ ಮಾತು. ಸೋರುವ ಬಾಗಿಲುಗಳಲ್ಲಿ ಎಮರ್ಜೆನ್ಸಿ ಡೋರಿನದು ಬೇರೆಯೇ ಪಾಡು. ದಿನಾ ಯಾರೂ ತೆಗೆಯಲ್ಲ, ರಬ್ಬರ್ ಚೌಕಟ್ಟಿಗೇ ಅಂಟಿಕೊಳ್ಳುತ್ತೆ, ಹಿಂಜು ತುಕ್ಕು ಹಿಡಿಯುತ್ತೆ. ಸೋರಿದರೆ ಸುಲಭದ ಮದ್ದು ಅಂತ ಹೊರಗಿಂದ ಸೀಲೆಂಟ್ ಬಳಿಯೋದು, ಒಳಗಿಂದ ತಂತಿ ಬಿಗಿಯೋದು, ಇನ್ನೂ ಮುಂದೆ ಹೋದರೆ ಅದಕ್ಕೆ ಅಡ್ಡಲಾಗಿ ಒಂದು ಸೀಟು. ಸೋರಿಕೆ ನಿಲ್ಲುತ್ತೆ, ಬಾಗಿಲೂ ನಿಲ್ಲುತ್ತೆ.

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬ್‌ನಗರದ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಎರಡೇ ವಾರದಲ್ಲಿ, ನವೆಂಬರ್ 14ರಂದು, ನಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲಿ, ಹರಿಹರ ದಾಟಿ ಹೋಗೋ ಇದೇ ಹೆದ್ದಾರಿಯಲ್ಲಿ, ಮುಂಬೈಗೆ ಹೊರಟಿದ್ದ ಇನ್ನೊಂದು ಬಸ್ಸಿಗೆ ಬೆಂಕಿ ಬಿದ್ದು 7 ಜನ ಹೋದರು. ಅವು ರಬ್ಬರಿನಿಂದಾದ ಅಪಘಾತಗಳಲ್ಲ. ಆದರೆ ಬೆಂಕಿ ಬಿದ್ದ ಬಸ್ಸಿನಲ್ಲಿ ಹೊರಬರೋಕೆ ಎಷ್ಟು ಕಡಿಮೆ ಹೊತ್ತು ಸಿಗುತ್ತೆ ಅನ್ನೋದನ್ನ ನೆನಪಿಡೋಕೆ ಅಷ್ಟು ಸಾಕು. ಬಸ್ ಬಾಡಿಗೆ ಎಐಎಸ್-052, ಸ್ಲೀಪರ್ ಬಸ್ಸಿಗೆ ಎಐಎಸ್-119 ಅನ್ನೋ ಮಾನದಂಡಗಳು ಇವೆ, ತುರ್ತು ದಾರಿ ಎಲ್ಲಿ ಹೇಗಿರಬೇಕು ಅಂತ ಹೇಳ್ತವೆ. ಆದರೆ ಹೊಸದಾಗಿದ್ದಾಗ ಪಾಸಾದ ಬಾಗಿಲು ಎಂಟನೇ ವರ್ಷಕ್ಕೂ ತೆರೆಯುತ್ತಾ ಅನ್ನೋದು ಅದರ ಹಿಂಜು, ರಬ್ಬರ್, ಚೌಕಟ್ಟನ್ನ ನೋಡಿಕೊಂಡವರ ಕೈಯಲ್ಲಿದೆ.

ಆದ್ದರಿಂದ ಸೀಲ್ ಕೆಲಸಕ್ಕೆ ಎರಡು ಪರೀಕ್ಷೆ ಇರಬೇಕು. ಒಂದು, ಮುಚ್ಚಿದಾಗ ಪೇಪರ್ ಪಟ್ಟಿ ಬಿಗಿಯಾಗಿ ನಿಲ್ಲಬೇಕು. ಎರಡು, ಚಿಲಕ ತಿರುಗಿಸಿದರೆ ನಮ್ಮ ಅಜ್ಜಿಯ ಕೈಗೂ ಬಾಗಿಲು ತೆರೆಯಬೇಕು. ಮೊದಲನೆಯದು ಮಾತ್ರ ಪಾಸಾದರೆ ಆ ಕೆಲಸ ಫೇಲೇ. ಬಸ್ಸಿನವರು ತಿಂಗಳಿಗೊಮ್ಮೆ ಆ ಬಾಗಿಲು ತೆಗೆದು, ರಬ್ಬರ್ ಒರೆಸಿ, ಹಿಂಜಿಗೆ ಎರಡು ಹನಿ ಎಣ್ಣೆ ಬಿಟ್ಟು ಮುಚ್ಚಿದರೆ ಹತ್ತು ನಿಮಿಷದ ಕೆಲಸ.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋ ಆರನೇ ಸೆಮಿಸ್ಟರಿನವರೇ, ಡ್ರೋನು, ರೋಬೋಟು ಎಲ್ಲಾ ಇರಲಿ. ಒಂದು ಟೇಪು, ಚಾಕ್‌ಪೀಸು, ಹಳೇ ಪೇಪರ್ ತಗೊಂಡು ಕಾಲೇಜು ಬಸ್ಸುಗಳ ಹತ್ತಿರ ಹೋಗ್ರಿ. ಡ್ರೈವರ್ ಅಣ್ಣನ್ನ ಕೇಳಿ ಎಲ್ಲಾ ಬಾಗಿಲಿನ ಕರ್ಣ ಅಳೆದು ಒಂದು ಪಟ್ಟಿ ಮಾಡ್ರಿ, ಎಮರ್ಜೆನ್ಸಿ ಡೋರು ಎಷ್ಟು ಸೆಕೆಂಡಿಗೆ ತೆರೆಯಿತು ಅಂತಾನೂ ಬರೀರಿ. ಮುಂದಿನ ಜೂನ್‌ಗೆ ಮೊದಲು ಆ ಪಟ್ಟಿ ಸಾರಿಗೆ ವಿಭಾಗದ ಮೇಜಿನ ಮೇಲಿದ್ದರೆ, ಅದಕ್ಕಿಂತ ಉಪಯೋಗದ ಪ್ರಾಜೆಕ್ಟ್ ರಿಪೋರ್ಟ್ ಇನ್ನೊಂದಿಲ್ಲ.