ಮಾತಿಲ್ಲದೆಯೂ ನಡೆಯುವ ಚೆಸ್ ಲೀಗ್

ಲಂಡನ್: ಇಂಗ್ಲೆಂಡಿನಲ್ಲಿ ಸ್ಥಳೀಯ ಚೆಸ್ ಲೀಗ್ ಪಂದ್ಯಗಳು ಹೆಚ್ಚಾಗಿ ಕೆಲಸದ ದಿನದ ಸಂಜೆ, ಚರ್ಚ್ ಸಭಾಂಗಣದಲ್ಲೋ ಪಬ್‌ನ ಕೋಣೆಯಲ್ಲೋ ನಡೆಯುತ್ತವೆ. ಕಿವುಡರ ಕ್ಲಬ್ಬಿನ ತಂಡ ಇಂಥ ಲೀಗ್‌ಗೆ ಇಳಿದರೆ ಎದುರಾಳಿಗಳು ಕಿವಿ ಕೇಳುವವರೇ. ಹಾಗೆಂದು ಅಂಕದಲ್ಲಿ ರಿಯಾಯಿತಿ ಇಲ್ಲ. ಗೆದ್ದರೆ ಒಂದು, ಡ್ರಾ ಆದರೆ ಅರ್ಧ. ಎಲ್ಲ ಬೋರ್ಡ್‌ಗಳ ಅಂಕ ಕೂಡಿಸಿದರೆ ತಂಡದ ಫಲಿತಾಂಶ.

ತೊಡಕು ಬರುವುದು ಮಾತು ಬೇಕಾದ ಕೆಲವೇ ಗಳಿಗೆಗಳಲ್ಲಿ. 'ಚೆಕ್' ಎನ್ನುವುದು ಕಡ್ಡಾಯವಲ್ಲ. ಡ್ರಾ ಕೇಳಲು, ತನ್ನ ನಡೆ ಮುಗಿಸಿ, ನಡೆ ಬರೆಯುವ ಹಾಳೆಯಲ್ಲಿ ಸಮಚಿಹ್ನೆ ಬರೆದು ತೋರಿಸಬಹುದು. ವಾರೆಯಾಗಿ ನಿಂತ ಕಾಯಿಯನ್ನು ಸರಿಪಡಿಸುವ ಮುನ್ನ ಎದುರಾಳಿಗೆ ತಿಳಿಸಬೇಕು. ಇಲ್ಲದಿದ್ದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕಾದೀತು. ಅದಕ್ಕೊಂದು ಸನ್ನೆಯನ್ನು ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ. ಆಟದ ಮಧ್ಯೆ ಜೊತೆಗಾರರಿಗೆ ಸನ್ನೆಯಲ್ಲಿ ನಡೆ ಸೂಚಿಸುವುದೂ ಬಾಯಲ್ಲಿ ಹೇಳಿಕೊಟ್ಟಷ್ಟೇ ತಪ್ಪು.

ಕಿವುಡರ ಚೆಸ್‌ಗೆ ಅಂತರರಾಷ್ಟ್ರೀಯ ಸಂಸ್ಥೆ 1949ರಿಂದಲೇ ಇದೆ. 2019ರಲ್ಲಿ ಇಟಲಿಯಲ್ಲಿ ನಡೆದ ಚಳಿಗಾಲದ ಡೆಫ್‌ಲಿಂಪಿಕ್ಸ್‌ನಲ್ಲೂ ಚೆಸ್ ಇತ್ತು.

ಬ್ರಿಟನ್ನಿಗೆ ಕೆಲಸಕ್ಕೆ ಹೊರಟ ಮಗ–ಸೊಸೆ ಕಿವುಡ ಮಗುವನ್ನು ಕರೆದೊಯ್ಯುವಾಗ 'ಅಲ್ಲಿ ಇವನ ಜೊತೆ ಯಾರು ಆಡ್ತಾರೆ?' ಎಂದು ಅಜ್ಜಿ–ತಾತ ಚಿಂತಿಸುವುದು ಸಹಜ. ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈಗಳಿಂದ ತೋರಿಸುವ ರೀತಿ ಭಾರತ, ಬ್ರಿಟನ್ ಎರಡೂ ಕಡೆ ಹೋಲುತ್ತದೆ. ಆದರೆ ಸನ್ನೆ ಭಾಷೆ ಬೇರೆ. ಕಲಿಯಲು ಸಮಯ ಬೇಕು. ಚೆಸ್ ನಿಯಮ ಮಾತ್ರ ಊರಲ್ಲಿ ಕಲಿತದ್ದೇ. ಮನೆಯಲ್ಲೇ ಆಟ ಕಲಿಸಿ ಕಳುಹಿಸಿದರೆ, ಹೊಸ ಭಾಷೆ ಕೈಗೂಡುವ ಮೊದಲೇ ಬೋರ್ಡಿನಾಚೆ ಒಬ್ಬ ಗೆಳೆಯ ಸಿಕ್ಕಾನು.