ಹೊತ್ತು ಮರೆಯದ ರೀಸೆಟ್

ಕೈಯಲ್ಲೇ ಜೋಡಿಸಿದ ಎಲೆಕ್ಟ್ರಾನಿಕ್ ಗಡಿಯಾರಕ್ಕೆ ಮೊದಲ ಸಲ ಕರೆಂಟ್ ಕೊಟ್ಟಾಗ ಅದು ಹಲವು ಬಾರಿ ತೋರಿಸುವ ಹೊತ್ತು: 1970 ಜನವರಿ 1, ಬೆಳಗಿನ 5.30. ಯುನಿಕ್ಸ್ ಪದ್ಧತಿಯ ಕಾಲಗಣನೆ ಶುರುವಾಗುವುದು ಗ್ರೀನಿಚ್ ಲೆಕ್ಕದ ಆ ದಿನದ ನಡುರಾತ್ರಿಯಿಂದ. ಆಗ ನಮ್ಮಲ್ಲಿ ಐದೂವರೆ. ಯಂತ್ರದ ಮಾತಿನಲ್ಲಿ ಇದರ ಅರ್ಥ, ‘ನನಗೆ ಹೊತ್ತು ಗೊತ್ತಿಲ್ಲ’.

ಹೊಸ ಯಂತ್ರ ಹೀಗೆಂದರೆ ಸರಿ. ಆದರೆ ತೋಟದ ಮೂಲೆಯಲ್ಲಿ ಕೂತು ಗಂಟೆಗೊಮ್ಮೆ ಮಣ್ಣಿನ ತೇವ ಬರೆದಿಡುವ ಪೆಟ್ಟಿಗೆ ನಡುವೆ ಹ್ಯಾಂಗ್ ಆಗಿ, ರೀಸೆಟ್ ಆಗಿ, ಅಂದಿನಿಂದ ಎಲ್ಲ ಲೆಕ್ಕವನ್ನೂ 1970ರ ಖಾತೆಗೆ ಬರೆದರೆ? ಕೆಟ್ಟದ್ದನ್ನು ಮರೆಯಲು ಹೋಗಿ ಸರಿಯಿದ್ದದ್ದನ್ನೂ ಮರೆತಂತಾಯಿತು. ಒಳ್ಳೆಯ ರೀಸೆಟ್‌ನ ಗುಟ್ಟು ಏನನ್ನು ಮರೆಯಬಾರದು ಎಂಬುದರಲ್ಲಿದೆ.

ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಇಎಸ್‌ಪಿ32 ಚಿಪ್ಪನ್ನೇ ನೋಡಿ. ಸ್ಮಾರ್ಟ್ ಪ್ಲಗ್‌ಗಳಿಂದ ಹಿಡಿದು ವಿದ್ಯಾರ್ಥಿಗಳ ಪ್ರಾಜೆಕ್ಟ್‌ವರೆಗೆ ಎಲ್ಲೆಡೆ ಇರುವ ಇದರೊಳಗೆ ಆಜ್ಞೆಗಳನ್ನು ನಡೆಸುವ ಎರಡು ಕೋರ್‌ಗಳಿವೆ. ಪ್ರತಿಯೊಂದೂ ಸೆಕೆಂಡಿಗೆ 24 ಕೋಟಿ ಮಿಡಿತದವರೆಗೆ ಓಡಬಲ್ಲದು. ಇದಕ್ಕೆ ಮೂರು ಬಗೆಯ ರೀಸೆಟ್ ಇದೆ. ಮೊದಲನೆಯದು ಕೋರ್‌ಗಳನ್ನಷ್ಟೇ ಹೊಸದಾಗಿಸುತ್ತದೆ. ಎರಡನೆಯದು ಡಿಜಿಟಲ್ ಭಾಗವನ್ನೆಲ್ಲ ತೊಳೆದರೂ ಆರ್‌ಟಿಸಿ ಎಂಬ ಮೂಲೆಯನ್ನು ಮುಟ್ಟುವುದಿಲ್ಲ. ಮೂರನೆಯದು ಅದನ್ನೂ ಬಿಡುವುದಿಲ್ಲ.

ಗುಡಿಯ ಬಾಗಿಲು ಹಾಕಿದ ಮೇಲೂ ಗರ್ಭಗುಡಿಯಲ್ಲಿ ನಂದಾದೀಪ ಉರಿಯುತ್ತಿರುತ್ತದಲ್ಲ, ಆರ್‌ಟಿಸಿ ಅಂಥದ್ದು. ಅದರೊಳಗೆ 48 ಬಿಟ್‌ಗಳ ಎಣಿಕೆಯಂತ್ರವೊಂದು ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಮಿಡಿತ ಎಣಿಸುತ್ತ ಇರುತ್ತದೆ. ತುಂಬಿ ಮತ್ತೆ ಸೊನ್ನೆಗೆ ಬರಲು ಐವತ್ತೊಂಬತ್ತು ವರ್ಷ ಬೇಕು. ಪಕ್ಕದ ರಿಜಿಸ್ಟರ್ ಎಂಬ ಪುಟ್ಟ ಖಾನೆಗಳಲ್ಲಿ ಎರಡು ಸಂಗತಿಗಳಿರುತ್ತವೆ: ಎಣಿಕೆ ಸೊನ್ನೆಯಿದ್ದಾಗ ಹೊತ್ತೆಷ್ಟಾಗಿತ್ತು, ಒಂದು ಮಿಡಿತಕ್ಕೆ ಎಷ್ಟು ಕಾಲ. ಎದ್ದ ಪ್ರೋಗ್ರಾಮು ಗುಣಿಸಿ ಕೂಡಿದರೆ ಆಯಿತು, ಈಗಿನ ಹೊತ್ತು ಸಿಕ್ಕಿತು. ಮಲಗಿದ್ದ ಕ್ಷಣಗಳೂ ಲೆಕ್ಕದಲ್ಲಿ ಸೇರಿರುತ್ತವೆ.

ದೀಪ ಕಾಯುವುದು ಸುಲಭ. ಕಷ್ಟವಿರುವುದು ಇಬ್ಬರನ್ನು ಒಟ್ಟಿಗೆ ಮಲಗಿಸುವುದರಲ್ಲಿ. ಒಂದೇ ಕೋರ್ ಇದ್ದರೆ ‘ನಿಲ್ಲು’ ಎಂದರೆ ಮುಗಿಯಿತು. ಎರಡಿದ್ದಾಗ, ಒಂದು ರೀಸೆಟ್‌ಗೆ ಕೈ ಹಾಕಿದ ಗಳಿಗೆಯಲ್ಲಿ ಇನ್ನೊಂದು ಏನು ಮಾಡುತ್ತಿದೆಯೋ ಯಾರು ಬಲ್ಲರು? ಹಂಚಿಕೊಂಡ ಉಗ್ರಾಣದ ಬೀಗದ ಕೈ ಅದರ ಸೊಂಟದಲ್ಲೇ ಇರಬಹುದು. ಇದು ಬರೀ ಊಹೆಯಲ್ಲ. ಕೋರ್‌ಗಳು ಬೀಗ ಹಿಡಿಯಲು ಬಳಸುವ ವಿಶೇಷ ಆಜ್ಞೆಯೊಂದಿದೆ. ಅದು ನಡೆಯುತ್ತಿರುವಾಗಲೇ ಕೋರನ್ನು ಹಾಗೇ ಸ್ತಬ್ಧಗೊಳಿಸಿದರೆ, ಮೆಮೊರಿಯ ಆ ಭಾಗ ನಿಂತುಹೋದವನ ಹೆಸರಿನಲ್ಲೇ ಬೀಗ ಬಿದ್ದು ಕೂರುತ್ತದೆ. ಎಚ್ಚರವಿರುವ ಕೋರ್ ಬಾಗಿಲು ತಟ್ಟುತ್ತಲೇ ಇರಬೇಕು. ಆದ್ದರಿಂದ ಎಸ್ಪ್ರೆಸಿಫ್‌ನ ತಂತ್ರಾಂಶ ಒಂದು ಕ್ರಮ ಪಾಲಿಸುತ್ತದೆ: ಜೊತೆಗಾರನನ್ನು ಮೊದಲು ರೀಸೆಟ್ ಮಾಡಿ ಕೈಯಲ್ಲಿದ್ದದ್ದನ್ನು ಬಿಡಿಸು, ಆಮೇಲೆ ನಿಲ್ಲಿಸು. ಆ ಬಳಿಕ ಸೀರಿಯಲ್ ತಂತಿಯಲ್ಲಿ ಹೊರಡುತ್ತಿದ್ದ ಅಕ್ಷರಗಳು ಪೂರ್ತಿ ಹೋಗುವವರೆಗೆ ಕಾದು, ವೈಫೈನಂಥ ಅಂಗಗಳನ್ನು ರೀಸೆಟ್ ಮಾಡಿ, ಕೊನೆಗೆ ತನ್ನ ಸರದಿ.

ಈ ಕ್ರಮವೇ ನಡುವೆ ಸಿಕ್ಕಿಕೊಂಡರೆ? ಅದಕ್ಕೂ ಕಾವಲುಂಟು. ರೀಸೆಟ್ ಶುರುವಾಗುತ್ತಿದ್ದಂತೆಯೇ ವಾಚ್‌ಡಾಗ್ ಎಂಬ ಟೈಮರಿಗೆ ಒಂದು ಸೆಕೆಂಡಿನ ಗಡುವು ಕೊಟ್ಟಿರುತ್ತಾರೆ. ಗಡುವು ಮೀರಿದರೆ ಅದು ಆರ್‌ಟಿಸಿಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಲವಂತವಾಗಿ ರೀಸೆಟ್ ಮಾಡುತ್ತದೆ. ಆಗಲೂ ಚಿಪ್ಪು ಏಳದಿದ್ದರೆ, ಇನ್ನೊಂದು ಸೆಕೆಂಡಿನ ನಂತರ ದೀಪಕ್ಕೂ ಉಳಿಗಾಲವಿಲ್ಲ. ಗಡಿಯಾರಕ್ಕಾಗಿ ಯಂತ್ರವನ್ನೇ ಬಲಿಕೊಡಲಾಗದು.

ಉಳಿದ ಹೊತ್ತನ್ನು ಓದುವುದರಲ್ಲೂ ಒಂದು ಎಡವಟ್ಟಿದೆ. 32 ಬಿಟ್‌ನ ಕೋರ್ 48 ಬಿಟ್‌ನ ಎಣಿಕೆಯನ್ನು ಒಂದೇ ತುತ್ತಿಗೆ ನುಂಗಲಾರದು, ಎರಡು ಸಲ ಓದಬೇಕು. 9.59ರಲ್ಲಿ ‘ಒಂಬತ್ತು’ ಎಂದು ಬರೆದುಕೊಂಡು, ನಿಮಿಷ ನೋಡುವಷ್ಟರಲ್ಲಿ ಹತ್ತು ಹೊಡೆದರೆ ಕಾಗದದ ಮೇಲೆ ಉಳಿಯುವುದು 9.00! ಆದ್ದರಿಂದ ಮೊದಲು ಎಣಿಕೆಯ ಪಡಿಯಚ್ಚು ತೆಗೆಸಿಕೊಂಡು, ಆ ಪಡಿಯಚ್ಚನ್ನು ನಿಧಾನವಾಗಿ ಓದಬೇಕು.

ಕರೆಂಟೇ ಹೋದರೆ ಈ ಜಾಣ್ಮೆ ಯಾವುದೂ ನಡೆಯದು. ಅದಕ್ಕೆ ನಾಣ್ಯದಂಥ ಬ್ಯಾಟರಿಯಿಂದ ನಡೆಯುವ ಬೇರೆಯದೇ ಗಡಿಯಾರದ ಚಿಪ್ಪು ಬೇಕು. ಅದೂ ಇಲ್ಲದ ಪೆಟ್ಟಿಗೆ ಎದ್ದು ಮತ್ತೆ 1970 ಎಂದರೆ ಬೇಸರಿಸಬೇಡಿ. ಒಂಬತ್ತು ಎಂದು ನಂಬಿಸಿ ಒಂದು ಗಂಟೆ ದಾರಿ ತಪ್ಪಿಸುವ ಗಡಿಯಾರಕ್ಕಿಂತ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಡಿಯಾರವೇ ಮೇಲು. ಸರಿಪಡಿಸಬೇಕು ಎಂಬುದಾದರೂ ನಿಮಗೆ ಗೊತ್ತಾಗುತ್ತದೆ.